ಸೆರಗಿನ ಹಿಂಬದಿ: ಕಸೂತಿ ಕಲಿತವರ, ಕಲಿಸಿದವರ ಕಥೆ



ನಿಮ್ಮ ಮನೆಯಲ್ಲಿ, ಇಲ್ಲವೇ ನೆಂಟರ ಮನೆಯಲ್ಲಿ, ಅಜ್ಜಿಯ ಕಾಲದ ಇಳಕಲ್ ಸೀರೆಯೊಂದು ಉಳಿದಿದ್ದರೆ ಅದನ್ನು ಒಮ್ಮೆ ಕೇಳಿ ಪಡೆಯಿರಿ. ಸೆರಗಿನ ಸಮೀಪ ಗೋಪುರ, ತೇರು, ಪಲ್ಲಕ್ಕಿ, ಆನೆ, ಗಿಳಿ, ನವಿಲು, ತುಳಸಿಕಟ್ಟೆ, ನಂದಿ, ತೊಟ್ಟಿಲು ಇವುಗಳಲ್ಲಿ ಯಾವುದಾದರೊಂದು ಸೂಜಿಯಲ್ಲಿ ಮೂಡಿರಬಹುದು. ಚಿತ್ರವನ್ನು ನೋಡಿ ಮೆಚ್ಚಿದ ಮೇಲೆ ಬಟ್ಟೆಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿ. ಒಳ್ಳೆಯ ಕೈಯ ಕೆಲಸವಾಗಿದ್ದರೆ ಯಾವುದು ಮುಂದು, ಯಾವುದು ಹಿಂದು ಎಂದು ಹೇಳುವುದು ಕಷ್ಟವಾಗುತ್ತದೆ. ಒಂದೇ ಒಂದು ಗಂಟು ಕಾಣುವುದಿಲ್ಲ. ಬಟ್ಟೆಯ ಮೇಲೆ ಪೆನ್ಸಿಲಿನಿಂದಾಗಲೀ ಅಚ್ಚಿನಿಂದಾಗಲೀ ಗೆರೆ ಎಳೆದ ಗುರುತೂ ಇರುವುದಿಲ್ಲ.

ಇದನ್ನು ಮಾಡಿದ ಹೆಣ್ಣುಮಗಳು ಶಾಲೆಗೆ ಹೋಗಿದ್ದಳೋ ಇಲ್ಲವೋ. ಲೆಕ್ಕವನ್ನಂತೂ ಆಕೆ ಬಲ್ಲವಳಾಗಿದ್ದಳು. ಆಕೆಗೆ ಈ ಲೆಕ್ಕ ಬಂದದ್ದು ಹೇಗೆ? ಯಾರು ಹೇಳಿಕೊಟ್ಟರು? ಇವತ್ತು ನೀವು ಕಲಿಯಬೇಕೆಂದರೆ ಯಾರ ಹತ್ತಿರ ಹೋಗಬೇಕು? ಕಸೂತಿಯ ಚರಿತ್ರೆಯನ್ನು ಈ ಕಡೆಯಿಂದ, ಅಂದರೆ ಕಲಿಕೆಯ ಕಡೆಯಿಂದ, ನೋಡುವುದು ಈ ಲೇಖನದ ಉದ್ದೇಶ.

ಮೊದಲು ಪ್ರಾಚೀನತೆಯ ಮಾತು. ಕಸೂತಿ ಚಾಲುಕ್ಯರ ಕಾಲದ್ದು ಎಂದು ಅನೇಕರು ಬರೆದಿದ್ದಾರೆ. ಇಂಥ ಮಾತನ್ನು ಓದುವಾಗ ನೀವು ಇತಿಹಾಸದ ವಿದ್ಯಾರ್ಥಿಯಂತೆ ಒಂದು ಪ್ರಶ್ನೆ ಹಾಕಿಕೊಳ್ಳಬೇಕು: ಆಧಾರ ಯಾವುದು? ಬಟ್ಟೆ ಕಲ್ಲಿನಂತೆ ಉಳಿಯುವುದಿಲ್ಲ. ನಮ್ಮ ಮಳೆ, ಬಿಸಿಲು, ಹುಳಗಳ ಕಾಟದಲ್ಲಿ ನೂರೈವತ್ತು ವರ್ಷ ಬಾಳಿದ ಸೀರೆಯೇ ಅಪರೂಪ. ಗುಡಿಯ ಶಿಲ್ಪದಲ್ಲಿ ಚಿತ್ತಾರದ ಉಡುಗೆ ಕಾಣುತ್ತದೆ, ನಿಜ. ಆದರೆ ಆ ಚಿತ್ತಾರ ಮಗ್ಗದಲ್ಲಿ ನೇಯ್ದದ್ದೋ, ಬಣ್ಣದಲ್ಲಿ ಅಚ್ಚು ಹಾಕಿದ್ದೋ, ಸೂಜಿಯಿಂದ ಮಾಡಿದ್ದೋ ಎಂಬುದನ್ನು ಕಲ್ಲು ಹೇಳಲಾರದು. ಸೂಜಿ ಮಾತ್ರ ಬಹಳ ಹಳೆಯದು. ಮೊಹೆಂಜೊದಾರೊದ ಉತ್ಖನನದಲ್ಲಿ ಲೋಹದ ಸೂಜಿಗಳು ಸಿಕ್ಕಿವೆ. ನಮ್ಮ ನಾಡಿನಲ್ಲಿ 12ನೆಯ ಶತಮಾನದ ಶರಣರ ನಡುವೆ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರನಿದ್ದಾನೆ. ನೂಲುವ ಕಾಯಕದ ಕದಿರೆ ರೆಮ್ಮವ್ವೆ ಇದ್ದಾಳೆ. ಸೂಜಿಯೂ ಕದಿರೂ ಹೆಸರಿನ ಜೊತೆ ಸೇರಿಕೊಂಡು ಗೌರವ ಪಡೆದ ಕಾಲವದು. ಅರಮನೆಯ ಕಥೆಗಳಿಗಿಂತ ಈ ಎರಡು ಹೆಸರುಗಳೇ ನನಗೆ ಹೆಚ್ಚು ಬೆಲೆಯುಳ್ಳ ಸಾಕ್ಷಿಯಾಗಿ ತೋರುತ್ತವೆ.

‘ಕಸೂತಿ’ ಎಂಬ ಶಬ್ದವನ್ನು ಕೈ ಮತ್ತು ನೂಲು ಎಂಬ ಅರ್ಥದ ಮಾತುಗಳಿಂದ ಬಿಡಿಸುವವರಿದ್ದಾರೆ. ಪಾರಸಿಯ ‘ಕಶೀದಾ’ದ ನಂಟು ಹೇಳುವವರೂ ಇದ್ದಾರೆ. ಇಂದು ಕನ್ನಡದಲ್ಲಿ ಎಲ್ಲ ಬಗೆಯ ಸೂಜಿಚಿತ್ತಾರಕ್ಕೂ ಈ ಹೆಸರು ಸಲ್ಲುತ್ತದೆ. ಆದರೆ ಧಾರವಾಡ, ಹುಬ್ಬಳ್ಳಿ, ಬೆಳಗಾವಿ, ವಿಜಯಪುರ, ಬಾಗಲಕೋಟೆಯ ಕಡೆ ಕಸೂತಿ ಎಂದರೆ ಎಳೆ ಎಣಿಸಿ ಮಾಡುವ ಒಂದು ನಿರ್ದಿಷ್ಟ ಕೆಲಸ. ಅದಕ್ಕೆ ಹೊಂದಿಕೊಂಡ ಬಟ್ಟೆ ಇಳಕಲ್ ಸೀರೆ. ಇದರ ಒಡಲು ಹೆಚ್ಚಾಗಿ ಹತ್ತಿಯದು, ಸೆರಗು ರೇಷ್ಮೆಯದು. ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ಹಾಸಿನ ಎಳೆಗಳನ್ನು ಕುಣಿಕೆಯಾಗಿ ಸಿಕ್ಕಿಸಿ ಜೋಡಿಸುವ ಕ್ರಮಕ್ಕೆ ‘ಕೊಂಡಿ’ ಎಂದು ಹೆಸರು. ಮದುವೆಗೆ ಕೊಡುತ್ತಿದ್ದ ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಬಿಳಿ, ಕೆಂಪು, ಹಳದಿ, ಹಸಿರು ದಾರದ ಕಸೂತಿ ಎದ್ದು ಕಾಣುತ್ತಿತ್ತು. ಸೆರಗಿನ ಹತ್ತಿರ ಚಿತ್ರಗಳು ದೊಡ್ಡವು, ಒತ್ತಾಗಿ ಇರುತ್ತವೆ. ಒಡಲಿನ ಕಡೆಗೆ ಸರಿದಂತೆ ಸಣ್ಣದಾಗಿ ಚದುರುತ್ತವೆ. ಸೀರೆಯಲ್ಲದೆ ಕುಪ್ಪಸ, ಮಕ್ಕಳ ಕುಂಚಿಗೆಗಳ ಮೇಲೂ ಈ ಕೆಲಸ ನಡೆಯುತ್ತಿತ್ತು.

ಹೊಲಿಗೆಗಳು ನಾಲ್ಕು. ಗವಂತಿ, ಮುರಗಿ, ನೇಗಿ, ಮೆಂತಿ. ಹೆಸರುಗಳಲ್ಲೇ ಮನೆಯ ವಾಸನೆ ಇದೆ. ಮೆಂತಿ ಎಂದರೆ ಮೆಂತ್ಯದ ಕಾಳು. ಕತ್ತರಿ ಹಾಕಿದಂತೆ ಎರಡು ಎಳೆ ಅಡ್ಡ ಹಾಯುವ ಹೊಲಿಗೆ ಇದು. ನೇಗಿ ಎಂದರೆ ನೇಯ್ಗೆ. ದೂರದಿಂದ ಮಗ್ಗದಲ್ಲೇ ನೇಯ್ದಂತೆ ಕಾಣುವುದು. ಮುರಗಿ ಮೆಟ್ಟಿಲು ಮೆಟ್ಟಿಲಾಗಿ ತಿರುವು ತೆಗೆದುಕೊಂಡು ಸಾಗುವುದು. ಗವಂತಿಯ ಹೆಸರಿನಲ್ಲಿ ಗಂಟು ಇದೆ ಎನ್ನುತ್ತಾರೆ, ಕೆಲಸದಲ್ಲಿ ಮಾತ್ರ ಗಂಟಿಲ್ಲ! ಗವಂತಿ, ಮುರಗಿಗಳಲ್ಲಿ ಬಟ್ಟೆಯ ಎರಡೂ ಮುಖ ಒಂದೇ ರೀತಿ ಕಾಣುತ್ತದೆ. ಮೆಂತಿಯಲ್ಲಿ ಹಾಗಾಗದು.

ಈಗ ಗವಂತಿಯ ಗುಟ್ಟನ್ನು ಸ್ವಲ್ಪ ಬಿಡಿಸಿ ನೋಡೋಣ. ಇದು ಓದಿ ಬಿಡುವ ವಿಷಯವಲ್ಲ. ಕಾಗದ, ಪೆನ್ಸಿಲು ತೆಗೆದುಕೊಳ್ಳಿ.

ಐದು ಹೊಲಿಗೆಯಷ್ಟು ಉದ್ದದ ಒಂದು ನೇರ ಗೆರೆ ಬೇಕು ಎಂದಿಟ್ಟುಕೊಳ್ಳಿ. ಹೋಗುವಾಗ ಒಂದನೆಯ ಮನೆ ಬಟ್ಟೆಯ ಮೇಲೆ, ಎರಡನೆಯದು ಕೆಳಗೆ, ಮೂರನೆಯದು ಮೇಲೆ, ನಾಲ್ಕನೆಯದು ಕೆಳಗೆ, ಐದನೆಯದು ಮೇಲೆ. ಇಷ್ಟಾದಾಗ ಮುಂಬದಿಯಲ್ಲಿ ಮೂರು, ಹಿಂಬದಿಯಲ್ಲಿ ಎರಡು ಹೊಲಿಗೆ ಬಿದ್ದು, ನಡುವೆ ಖಾಲಿ ಜಾಗ ಉಳಿಯುತ್ತದೆ. ಇನ್ನು ಅದೇ ದಾರಿಯಲ್ಲಿ, ಅದೇ ತೂತುಗಳಲ್ಲಿ ಹಿಂದಿರುಗಿ. ಐದನೆಯದು ಕೆಳಗೆ, ನಾಲ್ಕನೆಯದು ಮೇಲೆ, ಮೂರನೆಯದು ಕೆಳಗೆ, ಎರಡನೆಯದು ಮೇಲೆ, ಒಂದನೆಯದು ಕೆಳಗೆ. ಮುಂದೆಯೂ ಐದು, ಹಿಂದೆಯೂ ಐದು. ಖಾಲಿ ಜಾಗವೆಲ್ಲ ತಾನಾಗಿ ತುಂಬಿತು. ದಾರ ಹೊರಟಲ್ಲಿಗೇ ಬಂದು ನಿಂತಿತು.

ದಾರಿಯಲ್ಲಿ ಕವಲು ಬಂದರೆ? ಗೋಪುರದ ಚಿತ್ರದಲ್ಲಿ ಕವಲುಗಳೇ ಹೆಚ್ಚು. ಆಗ ನಿಯಮ ಒಂದೇ: ಕವಲಿಗೆ ಹೋಗಿ, ತುದಿ ಮುಟ್ಟಿದ ಕೂಡಲೇ ಅದೇ ದಾರಿಯಲ್ಲಿ ಹಿಂದಿರುಗಿ, ಮೊದಲಿನ ದಾರಿ ಹಿಡಿಯುವುದು. ಮೊದಲೇ ಮುಟ್ಟಿದ ತೂತಿಗೆ ಸೂಜಿ ಬಂದು ಸೇರಿದರೆ ಅದನ್ನೂ ತುದಿಯೆಂದೇ ತಿಳಿದು ಹಿಂದಿರುಗುವುದು. ಕವಲಿನಲ್ಲಿ ಹೋದಷ್ಟೇ ಹೊಲಿಗೆ ಬರುವುದರಲ್ಲಿಯೂ ಇರುವುದರಿಂದ ಒಟ್ಟು ಯಾವಾಗಲೂ ಸಮಸಂಖ್ಯೆ. ಆದ್ದರಿಂದ ಮೇಲೆ–ಕೆಳಗೆ ಎಂಬ ಸರದಿ ತಪ್ಪುವುದಿಲ್ಲ. ಹೀಗೆ, ಬಿಡಿ ಬಿಡಿಯಾಗಿರದೆ ಒಂದಕ್ಕೊಂದು ಕೂಡಿಕೊಂಡ ಯಾವ ಗೆರೆಚಿತ್ರವನ್ನಾದರೂ ದಾರ ಕಡಿಯದೆ, ಎರಡೂ ಬದಿ ಒಂದೇ ರೀತಿ ಬರುವಂತೆ ಮುಗಿಸಬಹುದು.

ಗಣಿತ ಓದುವವರಿಗೆ ಇಲ್ಲಿ ಒಂದು ಹಳೆಯ ಕಥೆ ನೆನಪಾಗಬೇಕು. ಕ್ಯೋನಿಗ್ಸ್‌ಬರ್ಗ್ ನಗರದ ಏಳು ಸೇತುವೆಗಳನ್ನು ಒಂದೊಂದೇ ಸಲ ದಾಟಿ ಊರು ಸುತ್ತಿಬರಲು ಸಾಧ್ಯವಿಲ್ಲವೆಂದು ಲಿಯೊನಾರ್ಡ್ ಆಯ್ಲರ್ 1736ರ ಸುಮಾರಿಗೆ ತೋರಿಸಿದ. ಒಂದೊಂದು ಸೇತುವೆಯನ್ನು ಎರಡೆರಡು ಸಲ ದಾಟಬಹುದೆಂದಿದ್ದರೆ ಆ ತೊಡಕೇ ಇರುತ್ತಿರಲಿಲ್ಲ. ಗವಂತಿ ಮಾಡುವವಳು ಪ್ರತಿ ಗೆರೆಯನ್ನೂ ಎರಡು ಸಲ ನಡೆಯುತ್ತಾಳೆ. ಆಯ್ಲರನ ಹೆಸರು ಕೇಳದ ಕೈಗಳು ಈ ಉಪಾಯವನ್ನು ಪಡಸಾಲೆಯಲ್ಲಿ ಕುಳಿತು ದಿನವೂ ನಡೆಸುತ್ತಿದ್ದವು. ಹಾಗೆಂದು ‘ನಮ್ಮವರಿಗೆ ಎಲ್ಲವೂ ಮೊದಲೇ ಗೊತ್ತಿತ್ತು’ ಎಂದು ಬೀಗಬೇಕಾಗಿಲ್ಲ. ಸಾಧಿಸಿ ತೋರಿಸುವುದು ಬೇರೆ, ಮಾಡಿ ತೋರಿಸುವುದು ಬೇರೆ. ಎರಡಕ್ಕೂ ಅದರದರ ಗೌರವವಿದೆ.

ಇದೇ ಹೊಲಿಗೆ ಯುರೋಪಿನಲ್ಲೂ ಇತ್ತು. ಅಲ್ಲಿ ಅದನ್ನು ಹೋಲ್‌ಬೈನ್ ಹೊಲಿಗೆ ಎನ್ನುತ್ತಾರೆ. ಹಾನ್ಸ್ ಹೋಲ್‌ಬೈನ್ ಎಂಬ ಚಿತ್ರಕಾರ ಕಸೂತಿಗಾರನಲ್ಲ. 1543ರಲ್ಲಿ ತೀರಿಕೊಂಡ ಅವನು ಇಂಗ್ಲೆಂಡಿನ ಎಂಟನೆಯ ಹೆನ್ರಿಯ ಆಸ್ಥಾನದವರ ಚಿತ್ರಗಳನ್ನು ಬರೆಯುವಾಗ ಅವರ ತೋಳಿನ ಮಡಿಕೆ, ಕಂಠಪಟ್ಟಿಗಳ ಮೇಲಿನ ಕಪ್ಪು ದಾರದ ಕೆಲಸವನ್ನು ಎಷ್ಟು ನಿಷ್ಠೆಯಿಂದ ಬಿಡಿಸಿದನೆಂದರೆ ಹೊಲಿಗೆಗೇ ಅವನ ಹೆಸರು ಅಂಟಿತು. ತೋಳಿನ ಅಂಚು ಮಡಚಿದಾಗ ಎರಡೂ ಬದಿ ಕಾಣುತ್ತದೆಯಲ್ಲವೆ? ನಮ್ಮಲ್ಲಿ ಸೆರಗು ಗಾಳಿಗೆ ತಿರುಗುತ್ತದೆ, ತಲೆಯ ಮೇಲೆ ಹೊದೆಯುವಾಗ ಮಗುಚುತ್ತದೆ. ಎರಡು ದೂರದ ನಾಡುಗಳಲ್ಲಿ ಒಂದೇ ಅಗತ್ಯವಿತ್ತು, ಒಂದೇ ಹೊಲಿಗೆ ಬಂತು. ಹೊಲಿದ ನಮ್ಮ ಹೆಣ್ಣುಮಕ್ಕಳ ಹೆಸರು ಮಾತ್ರ ಯಾವ ಹೊಲಿಗೆಗೂ ಅಂಟಲಿಲ್ಲ.

ಕಲಿಸುವ ಕ್ರಮಕ್ಕೆ ಬರೋಣ. ಮನೆಯಲ್ಲಿ ಪುಸ್ತಕವಿರಲಿಲ್ಲ. ಹುಡುಗಿ ತಾಯಿಯ, ಅತ್ತೆಯ, ನೆರೆಮನೆಯ ಕಾಕುವಿನ ಪಕ್ಕದಲ್ಲಿ ಕುಳಿತು ಎಣಿಕೆ ಕೇಳಿಸಿಕೊಳ್ಳುತ್ತಿದ್ದಳು. ನಾಲ್ಕು ಎಳೆ ಬಿಡು, ನಾಲ್ಕು ಎಳೆ ತಗೋ, ತಿರುಗು, ಮೂರು ಮನೆ ಮೇಲಕ್ಕೆ ಹೋಗು. ಹಳೆಯ ಸೀರೆಯ ತುಂಡೇ ಪಠ್ಯಪುಸ್ತಕ. ಅದನ್ನು ಮುಂದಿಟ್ಟುಕೊಂಡು ಎಳೆ ಎಣಿಸಿ ಹೊಸ ಬಟ್ಟೆಗೆ ಇಳಿಸುವುದೇ ಪಾಠ. ಇಂಗ್ಲೆಂಡಿನಲ್ಲೂ ಹೀಗೆ ಮಾದರಿಗಳನ್ನು ಒಂದು ಬಟ್ಟೆಯ ಮೇಲೆ ಹೊಲಿದಿಟ್ಟುಕೊಳ್ಳುವ ವಾಡಿಕೆಯಿತ್ತು; ಅದಕ್ಕೆ ಸ್ಯಾಂಪ್ಲರ್ ಎಂದು ಹೆಸರು. ಇಸವಿ ಹೊಲಿದಿರುವ ಇಂಗ್ಲಿಷ್ ಸ್ಯಾಂಪ್ಲರುಗಳಲ್ಲಿ ಅತ್ಯಂತ ಹಳೆಯದು 1598ರದು. ಜೇನ್ ಬೋಸ್ಟಾಕ್ ಎಂಬಾಕೆ ತನ್ನ ಹೆಸರನ್ನೂ ಇಸವಿಯನ್ನೂ ಅದರಲ್ಲಿ ಹೊಲಿದಿದ್ದಾಳೆ. ಈಗ ಅದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ.

19ನೆಯ ಶತಮಾನದಲ್ಲಿ ನಮ್ಮಲ್ಲಿ ಹೆಣ್ಣುಮಕ್ಕಳ ಶಾಲೆಗಳು ತೆರೆದಾಗ ಈ ಇಂಗ್ಲಿಷ್ ಪದ್ಧತಿ ಮಿಷನ್ ಶಾಲೆಗಳ ಮೂಲಕ ಒಳಗೆ ಬಂತು. ಓದು, ಬರಹ, ಲೆಕ್ಕದ ಜೊತೆಗೆ ಹೊಲಿಗೆ. ಹೆಣ್ಣುಮಗಳನ್ನು ಶಾಲೆಗೆ ಕಳಿಸಲು ಹಿಂಜರಿಯುತ್ತಿದ್ದ ತಂದೆತಾಯಿಗಳಿಗೆ ‘ಹೊಲಿಗೆಯನ್ನೂ ಕಲಿಸುತ್ತಾರೆ’ ಎಂಬ ಮಾತು ಸಮಾಧಾನ ಕೊಡುತ್ತಿತ್ತು. ನಿಮ್ಮ ಊರಿನ ಹಳೆಯ ಮನೆಗಳಲ್ಲಿ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದ ಉಲ್ಲನ್ನಿನ ಗಿಳಿ, ಹೂಬುಟ್ಟಿ, ‘ಸುಸ್ವಾಗತ’ಗಳನ್ನು ನೋಡಿರುತ್ತೀರಿ. ಅವು ಈ ಶಾಲೆಯ ಹೊಲಿಗೆಯ ವಂಶದವು. ಅದೇ ಕಾಲದಲ್ಲಿ ಯುರೋಪಿನ ಗಿರಣಿಗಳ ಬಣ್ಣದ ದಾರವೂ ಮಾದರಿ ಪುಸ್ತಕಗಳೂ ಜಗತ್ತಿನೆಲ್ಲೆಡೆ ಹರಡಿದವು. ತೆರೇಸ್ ದ ದಿಲ್ಮಾಂಟ್ 1886ರಲ್ಲಿ ಹೊರತಂದ ಸೂಜಿಕೆಲಸದ ವಿಶ್ವಕೋಶ ಹಲವು ಭಾಷೆಗಳಿಗೆ ಹೋಯಿತು. ಕೇಳಿ ಕಲಿಯುತ್ತಿದ್ದದ್ದು ನೋಡಿ ಕಲಿಯುವುದಾಯಿತು.

ಇದರಿಂದ ಲಾಭವೂ ನಷ್ಟವೂ ಆಯಿತು. ತಾಯಿಗೆ ಬಾರದ ಹೊಲಿಗೆಯನ್ನು ಮಗಳು ಕಲಿಯುವಂತಾದದ್ದು ಲಾಭ. ಆದರೆ ಶಾಲೆಯಲ್ಲಿ ಕಲಿಸಿದ್ದು ಬಹುಮಟ್ಟಿಗೆ ಹೊರಗಿನ ಹೂವು, ಹೊರಗಿನ ಅಕ್ಷರ. ಮನೆಯ ಗೋಪುರ, ತೇರುಗಳು ಪಾಠವಾಗಿ ಬರಲಿಲ್ಲ. ಮೇಲಾಗಿ ಹೊಲಿಗೆ ಎಂದರೆ ಹುಡುಗಿಯರನ್ನು ತಗ್ಗಿದ ತಲೆಯಿಂದ ಸುಮ್ಮನೆ ಕೂರಿಸುವ ಉಪಾಯವೂ ಆಯಿತು. ರೋಸಿಕಾ ಪಾರ್ಕರ್ ಎಂಬ ಲೇಖಕಿ 1984ರಲ್ಲಿ ಈ ವಿಷಯವಾಗಿಯೇ ಒಂದು ಪುಸ್ತಕ ಬರೆದರು. ಹೆಣ್ಣನ್ನು ಪಳಗಿಸಲು ಬಳಸಿದ ಸೂಜಿಯೇ ಆಕೆಗೆ ತನ್ನ ಮಾತು ಹೇಳಿಕೊಳ್ಳುವ ಸಾಧನವೂ ಆಯಿತೆಂಬುದು ಅವರ ವಾದ. ಈ ಎರಡನೆಯ ಭಾಗವನ್ನು ನಾವು ಮರೆಯುವುದು ಹೆಚ್ಚು.

ಇನ್ನು ‘ಇದು ಹುಡುಗಿಯರ ಕೆಲಸ’ ಎಂದು ಮುಂದಿನ ಪುಟ ತಿರುವಲು ಹೊರಟ ಹುಡುಗರಿಗೆ ಒಂದು ಮಾತು. ಕಾಶ್ಮೀರದ ಶಾಲುಗಳ ಮೇಲಿನ ನಯವಾದ ಸೋಜ್ನಿ ಕೆಲಸ ಬಹುತೇಕ ಗಂಡಸರದು. ಜರಿಯ ಜರ್ದೋಜಿಯೂ ಹಾಗೆಯೇ. 1941ರಲ್ಲಿ ಕ್ರೀಟಿನಲ್ಲಿ ಸೆರೆಸಿಕ್ಕ ಅಲೆಕ್ಸಿಸ್ ಕಾಸ್ಡಾಗ್ಲಿ ಎಂಬ ಬ್ರಿಟಿಷ್ ಅಧಿಕಾರಿ ಜರ್ಮನರ ಶಿಬಿರದಲ್ಲಿ ಕುಳಿತು ಒಂದು ಸ್ಯಾಂಪ್ಲರ್ ಹೊಲಿದ. ಅಂಚಿನಲ್ಲಿ ಚುಕ್ಕಿ, ಗೆರೆಗಳ ಅಲಂಕಾರ. ಕಾವಲಿನವರು ಅದನ್ನು ಮೆಚ್ಚಿ ಪ್ರದರ್ಶನಕ್ಕೂ ಇಟ್ಟರು. ಆ ಚುಕ್ಕಿ, ಗೆರೆಗಳು ಮೋರ್ಸ್ ಸಂಕೇತದಲ್ಲಿ ಹಿಟ್ಲರನನ್ನು ಬೈಯುತ್ತಿದ್ದದ್ದು ಅವರಿಗೆ ತಿಳಿಯಲೇ ಇಲ್ಲ.

ನಮ್ಮ ದೇಶದಲ್ಲಿ 1937ರ ವಾರ್ಧಾ ಸಮ್ಮೇಳನದ ನಂತರ ಕೈಕಸಬಿನ ಮೂಲಕ ಶಿಕ್ಷಣ ಎಂಬ ಗಾಂಧೀಜಿಯ ವಿಚಾರ ಶಾಲೆಗಳಿಗೆ ಬಂತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಸಮಾಜೋಪಯೋಗಿ ಉತ್ಪಾದಕ ಕಾರ್ಯ ಎಂಬ ಉದ್ದನೆಯ ಹೆಸರಿನಲ್ಲಿ ಇದನ್ನೇ ಮತ್ತೆ ಹೇಳಿತು. ಹೆಸರು ಎಷ್ಟು ಉದ್ದವಾಗಿದ್ದರೂ ಎಷ್ಟೋ ಕಡೆ ಆ ಅವಧಿ ಗಣಿತದ ಮೇಷ್ಟ್ರ ಪಾಲಾಗುತ್ತದೆ ಎಂಬುದು ನಿಮಗೇ ಗೊತ್ತು. ಗವಂತಿಯ ಲೆಕ್ಕ ನೋಡಿದ ಮೇಲೆ, ಆ ಮೇಷ್ಟ್ರೇ ಅದನ್ನು ಕಲಿಸಿದರೂ ಆಗುತ್ತಿತ್ತು ಎಂದು ಅನಿಸುತ್ತದೆ.

ಶಾಲೆಯ ಹೊರಗೆ ಈ ಕೆಲಸಕ್ಕೆ ದೊಡ್ಡ ಬೆಂಬಲ ದೊರೆತದ್ದು ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರಿಂದ. 1952ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷರಾಗಿ ಅವರು ಊರೂರು ಸುತ್ತಿ ಕುಶಲಕರ್ಮಿಗಳನ್ನು ಹುಡುಕಿದರು. ಭಾರತದ ಕಸೂತಿಗಳ ಬಗ್ಗೆ 1977ರಲ್ಲಿ ಒಂದು ಪುಸ್ತಕವನ್ನೂ ಬರೆದರು. ಮನೆಯೊಳಗಿದ್ದ ಕಸೂತಿಗೆ ಪೇಟೆಯೂ ಕೂಲಿಯೂ ಸಿಗತೊಡಗಿದ್ದು ಈ ಬಗೆಯ ಪ್ರಯತ್ನಗಳ ಫಲ. 2006ರಲ್ಲಿ ಕರ್ನಾಟಕದ ಕಸೂತಿಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು.

ಬಳ್ಳಾರಿ ಜಿಲ್ಲೆಯ ಸಂಡೂರಿನ ಲಂಬಾಣಿ ಕಸೂತಿಯ ಕಥೆ ಸ್ವಲ್ಪ ಬೇರೆ. ಎತ್ತುಗಳ ಹಿಂಡಿನ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ನಾಡಿನಿಂದ ನಾಡಿಗೆ ಸಾಗುತ್ತಿದ್ದ ಜನ ಲಂಬಾಣಿಗರು. ರಸ್ತೆ, ರೈಲು ಬಂದು ಅವರ ವ್ಯಾಪಾರ ನಿಂತಿತು. ಅದರ ಮೇಲೆ ಬ್ರಿಟಿಷ್ ಸರ್ಕಾರ 1871ರಲ್ಲಿ ತಂದ ಕಾನೂನೊಂದು ಅಲೆಮಾರಿಗಳಾದ ಅನೇಕ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡುವ ದಾರಿ ತೆರೆಯಿತು. ಅದು ರದ್ದಾದದ್ದು 1952ರಲ್ಲಿ. ತಾಂಡಾಗಳಲ್ಲಿ ನೆಲೆಯೂರಿದ ಹೆಂಗಸರ ಫೇಟಿಯಾ, ಕಾಂಚಳಿಗಳ ಮೇಲೆ ಕನ್ನಡಿ, ಕವಡೆ, ನಾಣ್ಯ, ಬಣ್ಣದ ತುಂಡುಬಟ್ಟೆಗಳ ಕೆಲಸ ಮಾತ್ರ ಉಳಿಯಿತು. ಅವರು ಸಂಡೂರಿನ ಕುಶಲಕಲಾ ಕೇಂದ್ರದಲ್ಲಿ ಒಟ್ಟಿಗೆ ಕುಳಿತು ಈ ಕೆಲಸವನ್ನು ಜೀವನೋಪಾಯವಾಗಿಸಿಕೊಂಡರು. 2010ರಲ್ಲಿ ಇದಕ್ಕೂ ಭೌಗೋಳಿಕ ಸೂಚಿ ಬಂತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ ಸುಮಾರು 450 ಲಂಬಾಣಿ ಹೆಂಗಸರು ಮಾಡಿದ 1755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು.

ಉತ್ತರ ಕನ್ನಡದ ಸಿದ್ದಿ ಹೆಂಗಸರ ಕೌದಿಯನ್ನೂ ಇಲ್ಲಿ ನೆನೆಯಬೇಕು. ಹರಿದ ಸೀರೆ, ಅಂಗಿಗಳ ತುಂಡುಗಳನ್ನು ಅಂಚಿನಿಂದ ಶುರುಮಾಡಿ ಸುತ್ತು ಸುತ್ತಾಗಿ ಒಳಕ್ಕೆ ಹೊಲಿಯುತ್ತ ಬರುತ್ತಾರೆ. ಮೂಲೆಗಳಲ್ಲಿ ಮಡಿಸಿದ ಬಟ್ಟೆಯ ಸಣ್ಣ ‘ಫುಲಾ’ ಇಡದೆ ಕೌದಿ ಮುಗಿಯುವುದಿಲ್ಲ.

ಪೇಟೆ ಬಂದದ್ದು ಒಳ್ಳೆಯದೇ. ಕೈಗೆ ಕೂಲಿ ಬೇಡವೆನ್ನುವವರು ಹೊಟ್ಟೆ ತುಂಬಿದವರು. ಆದರೆ ಪೇಟೆಗೆ ಒಂದು ಸ್ವಭಾವವಿದೆ: ಅದು ಮುಂಬದಿಗೆ ಮಾತ್ರ ಹಣ ಕೊಡುತ್ತದೆ. ಕೊಳ್ಳುವವರು ಹಿಂಬದಿಯನ್ನು ನೋಡುವುದಿಲ್ಲ. ಹಿಂದೆ ಗಂಟು ಹಾಕಿದರೆ ಕೆಲಸ ಬೇಗ ಮುಗಿಯುತ್ತದೆ. ಎಳೆ ಎಣಿಸುವ ಬದಲು ಗೆರೆ ಮೂಡಿಸಿಕೊಂಡರೆ, ಇಲ್ಲವೇ ಜಾಳಿಗೆ ಬಟ್ಟೆಯನ್ನು ಮೇಲಿಟ್ಟು ಹೊಲಿದು ಆಮೇಲೆ ಅದರ ಎಳೆ ಎಳೆದು ತೆಗೆದರೆ, ಇನ್ನೂ ಬೇಗ. ಯಂತ್ರಕ್ಕೆ ಒಪ್ಪಿಸಿದರೆ, ಅಥವಾ ಕಸೂತಿಯ ಚಿತ್ರವನ್ನೇ ಬಟ್ಟೆಯ ಮೇಲೆ ಅಚ್ಚು ಹಾಕಿದರೆ, ಸೂಜಿಯೇ ಬೇಡ. ದಿನಗೂಲಿಯ ಲೆಕ್ಕದಲ್ಲಿ ಹೊಲಿಯುವವಳನ್ನು ಇದಕ್ಕಾಗಿ ದೂರುವಂತಿಲ್ಲ. ವಾರಗಟ್ಟಲೆ ಕುಳಿತು ಮಾಡಿದ ಸೀರೆಯೂ ಅಚ್ಚಿನ ಸೀರೆಯೂ ಒಂದೇ ಅಂಗಡಿಯಲ್ಲಿ ಪಕ್ಕಪಕ್ಕದಲ್ಲಿ ತೂಗಾಡುವಾಗ ಆಕೆ ಏನು ಮಾಡಬೇಕು?

ಗವಂತಿಯ ಹಿಂಬದಿಗೆ ಕಾಲ ಕೊಡಬಲ್ಲವರು ಯಾರೆಂದರೆ ಮಾರಾಟಕ್ಕಲ್ಲದೆ ಸಂತೋಷಕ್ಕಾಗಿ ಹೊಲಿಯುವವರು. ಹವ್ಯಾಸ ಎಂದರೆ ಹೊತ್ತು ಕಳೆಯುವುದು ಎಂದು ಹಗುರಾಗಿ ಮಾತಾಡುತ್ತೇವೆ. ಈ ವಿದ್ಯೆಯ ಮಟ್ಟಿಗೆ ಹವ್ಯಾಸಿಗಳ ಕೈಗೆ ಒಂದು ಭಾರದ ಕೆಲಸ ಬಂದಿದೆ. ಹಳೆಯ ಎಣಿಕೆಗಳು ಇನ್ನೂ ಅನೇಕ ಹಿರಿಯರ ನಾಲಿಗೆಯ ಮೇಲಿವೆ. ಕೇಳುವವರು ಬೇಕು.

ಕಲಿಯಲು ಹೆಚ್ಚಿನದೇನೂ ಬೇಡ. ಮ್ಯಾಟಿ ಬಟ್ಟೆಯ ಒಂದು ತುಂಡು ತನ್ನಿ. ಇದರ ಮನೆಗಳು ದೊಡ್ಡವು, ಎಣಿಸುವುದು ಸುಲಭ. ಮೊಂಡು ತುದಿಯ ಸೂಜಿ ಇರಲಿ. ಚೂಪಾದದ್ದು ಬಟ್ಟೆಯ ಎಳೆಯನ್ನೇ ಸೀಳುತ್ತದೆ. ಲಡಿಯ ದಾರದಲ್ಲಿ ಆರು ಎಳೆಗಳಿರುತ್ತವೆ, ಎರಡನ್ನು ಮಾತ್ರ ಬಿಡಿಸಿ ತೆಗೆಯಿರಿ. ಮೊಳದುದ್ದಕ್ಕಿಂತ ಹೆಚ್ಚು ಪೋಣಿಸಬೇಡಿ, ಸಿಕ್ಕಾಗುತ್ತದೆ. ಶುರುವಿಗೆ ಗಂಟು ಹಾಕದೆ ನಾಲ್ಕು ಬೆರಳಿನಷ್ಟು ದಾರವನ್ನು ಹಿಂದೆ ಬಿಟ್ಟು, ಕೊನೆಗೆ ಅದನ್ನು ಹೊಲಿಗೆಗಳ ಅಡಿಯಲ್ಲಿ ನುಸುಳಿಸಿ ಮುಚ್ಚಿರಿ. ಮೊದಲು ನೇರ ಗೆರೆ, ಆಮೇಲೆ ಮೆಟ್ಟಿಲು, ಆಮೇಲೆ ಒಂದೇ ಕವಲಿನ ಗಿಡ. ಗೋಪುರಕ್ಕೆ ಅವಸರ ಬೇಡ. ಪ್ರತಿ ಹತ್ತು ಹೊಲಿಗೆಗೊಮ್ಮೆ ಬಟ್ಟೆ ತಿರುಗಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಎಣಿಕೆ ತಪ್ಪಿದ್ದರೆ ಅಲ್ಲೇ ಬಿಚ್ಚುವುದು ಸುಲಭ. ಮುಂದೆ ಹೋದರೆ ಇಡೀ ಸಾಲು ಬಿಚ್ಚಬೇಕಾಗುತ್ತದೆ.

ನಿಮಗೆ ಒಂದು ಚಿತ್ರ ಬಂದರೆ ತಮ್ಮನಿಗೋ ಗೆಳತಿಗೋ ಹೇಳಿಕೊಡಿ. ಹೇಳಿಕೊಡುವಾಗ ಸೂಜಿಯನ್ನು ಅವರ ಕೈಯಿಂದ ಕಸಿದುಕೊಳ್ಳಬೇಡಿ. ನೀವು ಮಾಡಿ ತೋರಿಸಿದ್ದನ್ನು ಅವರು ಮೆಚ್ಚುತ್ತಾರೆ, ಕಲಿಯುವುದಿಲ್ಲ. ಅಜ್ಜಿಯಂದಿರ ಪದ್ಧತಿಯೇ ಸರಿ: ನಿಮ್ಮ ಬಾಯಲ್ಲಿ ಎಣಿಕೆ, ಅವರ ಕೈಯಲ್ಲಿ ಸೂಜಿ.

ಆ ಹಳೆಯ ಸೀರೆಯನ್ನು ಹಿಂದಿರುಗಿಸುವ ಮುಂಚೆ ಇನ್ನೊಂದು ಕೆಲಸ ಮಾಡಿ. ಚೌಕುಳಿ ಕಾಗದದ ಮೇಲೆ, ಒಂದು ಹೊಲಿಗೆಗೆ ಒಂದು ಮನೆಯಂತೆ, ಅದರಲ್ಲಿರುವ ಒಂದೊಂದು ಚಿತ್ರವನ್ನೂ ಎಣಿಸಿ ಇಳಿಸಿಕೊಳ್ಳಿ. ಒಂದು ಹೊಲಿಗೆ ಬಟ್ಟೆಯ ಎಷ್ಟು ಎಳೆಗಳನ್ನು ದಾಟಿದೆ ಎಂಬುದನ್ನೂ ಪಕ್ಕದಲ್ಲಿ ಗುರುತು ಮಾಡಿ. ಮನೆಯವರು ಆ ಚಿತ್ರವನ್ನು ಏನೆಂದು ಕರೆಯುತ್ತಾರೆ, ಸೀರೆ ಯಾವ ಊರಿನದು, ಯಾರ ಮದುವೆಯದು, ಹೊಲಿದವರು ಯಾರು ಎಂದು ಕೇಳಿ ಅದೇ ಹಾಳೆಯ ಕೆಳಗೆ ಬರೆದು, ತಾರೀಖು ಹಾಕಿಡಿ.